ಮುತ್ಯಾನ ವಿಮಾನ

ಹಳೆಯ ಫೋಟೋಗಳಲ್ಲಿ ನಮ್ಮ ಅಜ್ಜಿಯರ ಹಣೆಯ ಕುಂಕುಮ ಕಪ್ಪಾಗಿ ಕಾಣುವುದನ್ನು ನೀವೂ ನೋಡಿರುತ್ತೀರಿ. ನಾನು ಚಿಕ್ಕವಳಿದ್ದಾಗ "ಆಯಿ ಕಪ್ಪು ಯಾಕ ಹಚ್ಕೊಂಡಾಳ?" ಎಂದು ಕೇಳಿ ಅವ್ವನ ಕೈಲಿ ಬೈಸಿಕೊಂಡಿದ್ದೆ. ಮುತ್ತೈದೆಯ ಹಣೆಯ ವಿಷಯದಲ್ಲಿ ಹಾಗೆಲ್ಲ ಮಾತಾಡಬಾರದಂತೆ. ಆ ಕಪ್ಪಿನ ಕಾರಣ ನನಗೆ ತಿಳಿದದ್ದು ಐವತ್ತು ವರ್ಷ ಕಳೆದ ಮೇಲೆ, ಅದೂ ಒಂದು ವಿಮಾನದ ಸಲುವಾಗಿ.

ವಿಮಾನಕ್ಕೂ ನನಗೂ ಏನು ಸಂಬಂಧ ಎಂದು ನೀವು ನಗಬಹುದು. ಸಿಂಧನೂರಿನ ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತಳಾದವಳು ನಾನು. ವಿಮಾನದಲ್ಲಿ ಕೂತದ್ದು ಒಂದೇ ಸಲ. ಆಗಲೂ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಆದರೆ ನಮ್ಮ ಅವ್ವನ ಬದುಕಿನ ದಾರಿಯನ್ನು ತಿರುಗಿಸಿದ್ದು ಒಂದು ವಿಮಾನ. ಅದು ಎಂದೂ ನಮ್ಮೂರ ಮೇಲೆ ಹಾರಲಿಲ್ಲ, ಒಂದು ಫೋಟೋದಲ್ಲಿ ಸುಮ್ಮನೆ ನಿಂತಿತ್ತು, ಅಷ್ಟೇ.

ಅವ್ವ ಲಿಂಗಸುಗೂರಿನ ಮಗಳು. ಅವಳ ಅಪ್ಪ, ಅಂದರೆ ನನ್ನ ಮುತ್ಯಾ, ಕಬ್ಬಿಣದ ಕೆಲಸ ಬಲ್ಲವನು. ಅವನ ತಂದೆ ಹಟ್ಟಿಯ ಬಂಗಾರದ ಗಣಿಯಲ್ಲಿದ್ದ. ಮೊದಲ ಮಹಾಯುದ್ಧದ ಕಾಲಕ್ಕೆ ಸೊರಗಿದ ಆ ಗಣಿ 1920ರ ಹೊತ್ತಿಗೆ ಮುಚ್ಚಿದಾಗ ಸಂಸಾರ ಸಮೇತ ಕೋಲಾರದ ಗಣಿಗೆ ಹೋದ. ಮುತ್ಯಾ ಅಲ್ಲೇ ಬೆಳೆದು ಫಿಟ್ಟರ್ ಆದ, ಆಮೇಲೆ ಬೆಂಗಳೂರು ಸೇರಿದ. ಮದುವೆ ಮಾತ್ರ ಲಿಂಗಸುಗೂರಿನಲ್ಲೇ ಆಯಿತು. ಆಯಿ ತವರು ಬಿಟ್ಟು ಹೋಗಲಿಲ್ಲ. ಅವ್ವ 1942ರಲ್ಲಿ ಅಲ್ಲೇ ಹುಟ್ಟಿದಳು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹಟ್ಟಿಯ ಗಣಿಯನ್ನು ಮತ್ತೆ ತೆರೆದಾಗ ಮುತ್ಯಾ ಊರಿಗೆ ಮರಳಿದ. ಬರುವಾಗ ಒಂದು ಹಾಸಿಗೆ ಸುರುಳಿ, ಒಂದು ಟ್ರಂಕು, ಕಟ್ಟು ಹಾಕಿಸಿದ ಒಂದು ಫೋಟೋ ತಂದ. ಫೋಟೋದಲ್ಲಿ ನಾಲ್ಕು ಜನ ಗಂಡಸರು ಎಣ್ಣೆ ಮೆತ್ತಿದ ಅಂಗಿಯಲ್ಲಿ ಸಾಲಾಗಿ ನಿಂತಿದ್ದಾರೆ. ಎಡದಿಂದ ಎರಡನೆಯವನು ಮುತ್ಯಾ. ಅವರ ಹಿಂದೆ ಓರೆಯಾಗಿ ನಿಂತ ವಿಮಾನ. ಬಾಲ ಫೋಟೋದಾಚೆಗೆ ಹೋಗಿದೆ.

ಅವನು ಬಂದ ಕಾಲ ಕೆಟ್ಟದಾಗಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಮ್ಮ ರಾಯಚೂರು ಜಿಲ್ಲೆ ನಿಜಾಮನ ಕೈಯಲ್ಲೇ ಇತ್ತು. ರಜಾಕಾರರ ಹಾವಳಿಗೆ ಹೆದರಿ ಜನ ಊರು ಬಿಡುತ್ತಿದ್ದರು. ಹುಡುಗರು ಗಡಿಯಾಚೆ ಮುಂಡರಗಿಯಂಥ ಶಿಬಿರಗಳನ್ನು ಸೇರುತ್ತಿದ್ದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. 17ಕ್ಕೆ ನಿಜಾಮ ಶರಣಾದ. ಆ ಮೇಲೂ ಎಷ್ಟೋ ದಿನ ಒಂದು ಪಿಸುಮಾತಿಗೆ ಒಂದು ಮನೆ ಬೇಯುತ್ತಿತ್ತು. ಅದರಲ್ಲಿ ಎರಡೂ ಧರ್ಮದ ಬಡವರು ಬೆಂದರು.

ಅವ್ವನಿಗೆ ಹದಿನೇಳು ತುಂಬಿದಾಗ, 1959ರಲ್ಲಿ, ಮಸ್ಕಿಯ ಒಂದು ಮನೆತನಕ್ಕೆ ಮಾತುಕತೆಯಾಯಿತು. ವೀಳ್ಯ ಶಾಸ್ತ್ರಕ್ಕೆ ಬಂದ ಹಿರಿಯರಲ್ಲಿ ಒಬ್ಬರು ಮುಂಡರಗಿ ಶಿಬಿರದಲ್ಲಿದ್ದವರು. ರಜಾಕಾರರ ಕೈಯಲ್ಲಿ ತಮ್ಮನನ್ನು ಕಳೆದುಕೊಂಡವರು. ಪಡಸಾಲೆಯ ಗೋಡೆಯ ಮೇಲಿನ ಫೋಟೋ ಅವರ ಕಣ್ಣಿಗೆ ಬಿತ್ತು. "ಇದು ರಜಾಕಾರರಿಗೆ ಬಂದೂಕು ತಂದ ಇಮಾನ. ಇಂವ ಅದರ ಮುಂದ ನಿಂತಾನ" ಎಂದು ಎದ್ದು ನಿಂತರು. ಮುತ್ಯಾ "ಬೆಂಗಳೂರಾಗ ತೆಗಿಸಿದ್ದ್ರೀ ಯಪ್ಪಾ" ಎಂದನಂತೆ. ಯಾರೂ ಕೇಳಲಿಲ್ಲ. ನಮ್ಮ ಕಡೆಯವರಿಗೆ ವಿಮಾನವೆಂದರೆ ನಿಜಾಮನದು, ಹೈದರಾಬಾದಿನದು. ತಂದ ಹಣ್ಣು ಕಾಯಿ ತಿರುಗಿ ಹೋದವು. ಮುತ್ಯಾ ಅಂದೇ ಫೋಟೋ ಇಳಿಸಿ ಟ್ರಂಕಿನ ತಳಕ್ಕೆ ಹಾಕಿದ. 1966ರಲ್ಲಿ ಸಾಯುವವರೆಗೆ ಅದರ ಮಾತೆತ್ತಲಿಲ್ಲ.

ಅವ್ವನ ಮದುವೆ ಮರುವರ್ಷ ಸಿಂಧನೂರಿನಲ್ಲಾಯಿತು. ತುಂಗಭದ್ರಾ ಕಾಲುವೆಯ ನೀರು ಹೊಸದಾಗಿ ಹರಿದು ಹೊಲಗಳು ಗದ್ದೆಗಳಾಗುತ್ತಿದ್ದ ದಿನಗಳು ಅವು. ನಮ್ಮಪ್ಪ ಒಳ್ಳೆಯವರು, ಅವ್ವನಿಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೂ ಹಬ್ಬ ಹುಣ್ಣಿಮೆಗೆ ಬಂದ ಬಳಗದಲ್ಲಿ ಯಾರೋ ಒಬ್ಬರು "ಅಕಿ ಅಪ್ಪ ರಜಾಕಾರರ ಕಡಿಯಾಂವ ಇದ್ದನಂತ" ಎಂದು ಅಡುಗೆಮನೆಯಲ್ಲಿ ಗುಸುಗುಸು ಮಾಡುತ್ತಿದ್ದರು. ಅವ್ವ ರೊಟ್ಟಿ ಬಡಿಯುವ ಸದ್ದನ್ನು ಜೋರು ಮಾಡುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿಲ್ಲ. ಆ ರೊಟ್ಟಿಯ ಸದ್ದು ಕೇಳಿದ್ದೇನೆ.

ನಾಲ್ಕು ವರ್ಷದ ಹಿಂದೆ ಲಿಂಗಸುಗೂರಿನ ಮನೆ ಕೆಡವುವಾಗ ಟ್ರಂಕು ನನ್ನ ಪಾಲಿಗೆ ಬಂತು. ಇಳಕಲ್ ಸೀರೆಗಳ ಕೆಳಗೆ ಆ ಫೋಟೋ ಇತ್ತು. ಹಿಂದೆ ಮುಂದೆ ಒಂದಕ್ಷರ ಬರೆದಿಲ್ಲ. ಅವ್ವ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ನೀ ಇತಿಹಾಸ ಓದಿದಾಕಿ. ಇದು ಯಾವ ಇಮಾನ ಹೇಳ ನೋಡೂಣು" ಎಂದಳು. ಎಂಬತ್ತು ದಾಟಿದ ತಾಯಿ ಕೇಳಿದ ಪ್ರಶ್ನೆ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

ಹೆಸರು ಬರೆಯದ ಫೋಟೋದಲ್ಲಿ ವಿಮಾನದ ಗುರುತು ಹಿಡಿಯುವುದು ಹೇಗೆ? ಪುಸ್ತಕಗಳನ್ನು ತರಿಸಿ ಓದಿದೆ. ಮೊದಮೊದಲು ಎಲ್ಲ ವಿಮಾನಗಳೂ ಒಂದೇ ಥರ ಕಂಡವು. ಆಮೇಲೆ ಒಂದು ಉಪಾಯ ಹೊಳೆಯಿತು. ನಮಗೆ ಸೀರೆಯ ಗುರುತು ಹೇಗೆ ಸಿಗುತ್ತದೆ? ಸೆರಗು ನೋಡುತ್ತೇವೆ, ದಡಿ ನೋಡುತ್ತೇವೆ, ಒಡಲು ನೋಡುತ್ತೇವೆ. ತೋಪಿನ ಸೆರಗಿದ್ದರೆ ಇಳಕಲ್ಲು; ದಡಿ ಗೋಮಿಯೋ ಪರಾಸಪೇಟೋ ಎಂದು ದೂರದಿಂದಲೇ ಹೇಳುತ್ತೇವೆ. ವಿಮಾನಕ್ಕೂ ಹಾಗೆಯೇ. ರೆಕ್ಕೆ ಒಂದು ಜೊತೆಯೋ ಎರಡು ಜೊತೆಯೋ, ಮೈಯ ಮೇಲಿದೆಯೋ ಕೆಳಗಿದೆಯೋ. ಎಂಜಿನ್ ಎಷ್ಟು, ಮೂತಿ ದುಂಡಗಿದೆಯೋ ಉದ್ದಕ್ಕಿದೆಯೋ. ಕೂರುವ ಜಾಗ ತೆರೆದಿದೆಯೋ ಗಾಜು ಮುಚ್ಚಿದೆಯೋ. ಗಾಲಿ ಹೇಗಿದೆ, ಬಾಲ ಹೇಗಿದೆ, ಮೈಮೇಲೆ ಏನು ಬರೆದಿದೆ. ಒಂದೊಂದು ಪ್ರಶ್ನೆ ಕೇಳಿದ ಹಾಗೆ ಒಂದಷ್ಟು ಹೆಸರು ಉದುರಿಹೋಗುತ್ತವೆ. ಅಕ್ಕಿ ಆರಿಸಿದ ಹಾಗೆ.

ಈ ಕೆಲಸದಲ್ಲಿ ಜಗತ್ತಿಗೇ ಹೆಸರಾದವಳು ಒಬ್ಬ ಹೆಣ್ಣುಮಗಳು ಎಂದು ತಿಳಿದಾಗ ನನಗೆ ಧೈರ್ಯ ಬಂತು. ಇಂಗ್ಲೆಂಡಿನ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್. ಲಂಡನ್ನಿನಲ್ಲಿ ಹೆಂಗಸರ ಟೋಪಿ ಹೊಲಿಯುವವರ ಹತ್ತಿರ ಕೆಲಸ ಮಾಡಿದವಳು, ಆಮೇಲೆ ವಿಮಾನದ ಪತ್ರಿಕೆಗೆ ಬರೆದವಳು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಮೆಡ್ಮೆನ್‌ಹ್ಯಾಮ್ ಕೇಂದ್ರದಲ್ಲಿ, ಆಕಾಶದಿಂದ ತೆಗೆದ ಫೋಟೋಗಳಲ್ಲಿ ಶತ್ರು ವಿಮಾನಗಳ ಗುರುತು ಹಿಡಿಯುವ ವಿಭಾಗಕ್ಕೆ ಮುಖ್ಯಸ್ಥೆಯಾದಳು. ಹೆಸರು ತಿಳಿಯದ ವಿಮಾನ ಕಂಡರೆ ಅದರ ರೆಕ್ಕೆ ಅಳೆದು, ಕಂಡ ಊರಿನ ಹೆಸರಿನ ಮುಂದೆ ಆ ಅಳತೆ ಬರೆದು ಇಡುತ್ತಿದ್ದರು. 1943ರ ನವೆಂಬರಿನಲ್ಲಿ ಜರ್ಮನಿಯ ಪೀನಮುಂಡೆಯ ಫೋಟೋದಲ್ಲಿ, ಒಂದು ಇಳಿಜಾರಿನ ಮೇಲೆ ಸಾಸಿವೆ ಕಾಳಿನಂಥ ಚುಕ್ಕೆಯನ್ನು ಅವಳು ಭೂತಗನ್ನಡಿಯಲ್ಲಿ ಕಂಡಳು. ಅದು ಪೈಲಟ್ ಇಲ್ಲದ ಹಾರುವ ಬಾಂಬು. 1944ರ ಜೂನಿನಲ್ಲಿ ಲಂಡನ್ನಿನ ಮೇಲೆ ಬೀಳತೊಡಗಿದ್ದು ಅದೇ. ಅಷ್ಟರೊಳಗೆ ಅದು ಏನು, ಎಲ್ಲಿಂದ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಟೋಪಿಯ ಅಂಚನ್ನು ನೋಡಿ ಪಳಗಿದ ಕಣ್ಣು ವಿಮಾನದ ಅಂಚನ್ನೂ ನೋಡಿತು ಎಂದು ನಾನು ಅಂದುಕೊಂಡೆ.

ನಾನೂ ಭೂತಗನ್ನಡಿ ತಂದೆ. ನಮ್ಮ ಮುಂದೆ ಮೂರು ಮಾತುಗಳಿದ್ದವು. ಮೊದಲನೆಯದು ಆಯಿಯ ತವರಿನವರದು: "ಅದು ನಿಜಾಮ ದಾನ ಕೊಟ್ಟ ಇಮಾನ." ಎರಡನೆಯದು ಮಸ್ಕಿಯ ಹಿರಿಯರದು: ಬಂದೂಕಿನ ವಿಮಾನ. ಮೂರನೆಯದು ಮುತ್ಯಾನದು: ಬೆಂಗಳೂರಿನ ವಿಮಾನ.

ನಿಜಾಮ ವಿಮಾನ ದಾನ ಕೊಟ್ಟದ್ದು ಕಟ್ಟುಕತೆಯಲ್ಲ. ಮೊದಲ ಮಹಾಯುದ್ಧದಲ್ಲಿ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರಿಗೆ ಒಂದು ಇಡೀ ವಿಮಾನದಳದ ಖರ್ಚು ಕೊಟ್ಟ. ಡಿ.ಎಚ್. 9ಎ ಎಂಬ ಜಾತಿಯ ವಿಮಾನಗಳು. ಒಂದೊಂದರ ಮೇಲೂ ಹೈದರಾಬಾದಿನ ನಿಜಾಮರ ಕಾಣಿಕೆ ಎಂದು ಬರೆಸಿ ಅಂಕಿ ಹಾಕಿದ್ದರು. 110ನೆಯ ದಳಕ್ಕೆ 'ಹೈದರಾಬಾದ್' ಎಂಬ ಹೆಸರೇ ಬಂತು. 1918ರ ಸೆಪ್ಟೆಂಬರಿನಲ್ಲಿ ಅವು ಫ್ರಾನ್ಸಿಗೆ ಹೋದವು. ಅದರಲ್ಲೊಂದು, 'ಹೈದರಾಬಾದ್ ನಂ. 12ಎ', ಅಕ್ಟೋಬರಿನಲ್ಲಿ ಜರ್ಮನರ ಕೈಗೆ ಸಿಕ್ಕಿತು. ಬರ್ಲಿನ್ನಿನ ಸಂಗ್ರಹಾಲಯ ಸೇರಿ, ಎರಡನೆಯ ಯುದ್ಧದಲ್ಲಿ ಪೋಲೆಂಡಿಗೆ ಸಾಗಿ, 1977ರಲ್ಲಿ ಒಂದು ಸ್ಪಿಟ್‌ಫೈರ್ ವಿಮಾನಕ್ಕೆ ಬದಲಾಗಿ ಇಂಗ್ಲೆಂಡಿಗೆ ಮರಳಿತು. ನಮ್ಮ ಲಿಂಗಸುಗೂರು, ಸಿಂಧನೂರಿನ ರೈತರು ಕಟ್ಟಿದ ಕಂದಾಯವೂ ಸೇರುತ್ತಿದ್ದ ಖಜಾನೆಯಿಂದ ಹಾರಿದ ವಿಮಾನ ಇಂದಿಗೂ ಲಂಡನ್ನಿನ ವಾಯುಪಡೆ ಸಂಗ್ರಹಾಲಯದ ಸೊತ್ತು!

ಆದರೆ ನಮ್ಮ ಫೋಟೋದ ವಿಮಾನ ಅದಲ್ಲ. ಡಿ.ಎಚ್. 9ಎ ಎರಡಂತಸ್ತಿನ ಮನೆಯ ಹಾಗೆ ಒಂದರ ಮೇಲೊಂದು ರೆಕ್ಕೆಯದು, ನಡುವೆ ಕಂಬ ತಂತಿಗಳು. ಕೂರುವ ಜಾಗ ಬಟ್ಟ ಬಯಲು. ನಮ್ಮದಕ್ಕೆ ಒಂದೇ ಜೊತೆ ರೆಕ್ಕೆ, ಅದೂ ಮೈಯ ಕೆಳಗೆ. ಮೇಲೆ ಒಬ್ಬರ ಹಿಂದೊಬ್ಬರು ಕೂರುವಂತೆ ಉದ್ದನೆಯ ಗಾಜಿನ ಮುಚ್ಚಳ. ಒಂದು ಹೆಸರು ಉದುರಿತು.

ಎರಡನೆಯ ಮಾತಿಗೆ ಕೈ ಹಾಕುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮಸ್ಕಿಯ ಹಿರಿಯರು ಹೇಳಿದಂಥ ವಿಮಾನಗಳು ನಿಜವಾಗಿಯೂ ಇದ್ದವು. 1948ರ ಮಧ್ಯದ ತಿಂಗಳುಗಳಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದವನು ಕರಾಚಿಯಿಂದ ರಾತ್ರೋರಾತ್ರಿ ಹೈದರಾಬಾದ್ ಸಂಸ್ಥಾನಕ್ಕೆ ಶಸ್ತ್ರ ಸಾಗಿಸಿದ. ಅದಕ್ಕಾಗಿ ಆಮೇಲೆ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ದಂಡವನ್ನೂ ತೆತ್ತ. ವಿಧಿಯಾಟ ನೋಡಿ: 1939ರಲ್ಲಿ ಬ್ರಿಟಿಷರಿಗೆ ಆಕಾಶದಿಂದ ಗುಟ್ಟಾಗಿ ಫೋಟೋ ತೆಗೆಯುವ ಪಡೆಯನ್ನು ಕಟ್ಟಿಕೊಟ್ಟವನೂ ಇವನೇ. ಕಾನ್‌ಸ್ಟನ್ಸ್‌ಳ ಮೇಜಿಗೆ ಬಂದ ಫೋಟೋಗಳ ಹಿಂದೆ ಅವನು ಹಾಕಿದ ಬುನಾದಿ ಇತ್ತು. ನಮ್ಮ ಮನೆಗೆ ಕಳಂಕ ತಂದವನ ವಿದ್ಯೆಯಿಂದಲೇ ಕಳಂಕ ತೊಳೆಯಬೇಕಾಗಿತ್ತು.

ಕಾಟನ್ ತಂದದ್ದು ಲ್ಯಾಂಕ್ಯಾಸ್ಟ್ರಿಯನ್ ವಿಮಾನ. ಲ್ಯಾಂಕ್ಯಾಸ್ಟರ್ ಎಂಬ ದೊಡ್ಡ ಬಾಂಬರ್ ವಿಮಾನವನ್ನೇ ತಿದ್ದಿ ಮಾಡಿದ್ದು. ರೆಕ್ಕೆಗಳ ಮೇಲೆ ನಾಲ್ಕು ಎಂಜಿನ್. ಮೂತಿಯಲ್ಲಿ ಫ್ಯಾನೇ ಇಲ್ಲ. ರೆಕ್ಕೆಯ ತುದಿಯಿಂದ ತುದಿಗೆ 102 ಅಡಿ. ನಮ್ಮ ಫೋಟೋದಲ್ಲಿ ಮೂತಿಯ ಮೇಲೇ ಫ್ಯಾನು, ಒಂದೇ ಎಂಜಿನ್. ಅಳತೆ ತೆಗೆಯಲು ಮುತ್ಯಾನೇ ಕೋಲಾದ. ಲಿಂಗಸುಗೂರಿನ ಮನೆಯ ಬಾಗಿಲ ಚೌಕಟ್ಟಿಗೆ ಅವನ ತಲೆ ತಾಗುತ್ತಿತ್ತೆಂದು ಅವ್ವನಿಗೆ ನೆನಪಿತ್ತು; ಚೌಕಟ್ಟು ಅಳೆದರೆ ಐದೂವರೆ ಅಡಿ. ಅವನು ರೆಕ್ಕೆಗೆ ಒರಗಿದಂತೆ ನಿಂತಿದ್ದರಿಂದ ಅವನ ಎತ್ತರವನ್ನು ರೆಕ್ಕೆಯ ಉದ್ದಕ್ಕೆ ಹೋಲಿಸಬಹುದಿತ್ತು. ವಿಮಾನ ಓರೆಯಾಗಿದ್ದುದರಿಂದ ಲೆಕ್ಕ ಖಡಾಖಂಡಿತವಲ್ಲ. ಆದರೂ ಎಷ್ಟು ಹಿಗ್ಗಿಸಿ ಹಿಡಿದರೂ ಎರಡು ರೆಕ್ಕೆ ಸೇರಿ ನಲವತ್ತು ಅಡಿ ದಾಟಲಿಲ್ಲ. ಇಬ್ಬರೇ ಕೂರುವ ಆ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಬಂದೂಕಿನ ರಾಶಿ ತರುವುದೆಂದರೆ ಸೈಕಲ್ಲಿನ ಮೇಲೆ ಜೋಳದ ಕಣಜ ಸಾಗಿಸಿದಂತೆ.

ಇಷ್ಟಾದರೂ ನನಗೆ ಸಮಾಧಾನವಾಗಲಿಲ್ಲ. 1948ರಲ್ಲಿ ನಿಜಾಮನ ಹತ್ತಿರ ಸಣ್ಣ ವಿಮಾನಗಳೂ ಇದ್ದಿರಬಹುದಲ್ಲ ಎಂದು ಯಾರಾದರೂ ಕೇಳಿದರೆ? ಫೋಟೋ ತೆಗೆದ ವರ್ಷ ಬೇಕಿತ್ತು. ಆಗ ಕಂಡದ್ದು ಮೈಯ ಪಕ್ಕದ ವರ್ತುಲ. ಬ್ರಿಟಿಷರ ಕಾಲದ ಯುದ್ಧವಿಮಾನಗಳ ಮೇಲೆ ಒಂದರೊಳಗೊಂದು ಬಣ್ಣದ ಉಂಗುರಗಳಿರುತ್ತಿದ್ದವು: ಹೊರಗೆ ನೀಲಿ, ಒಳಗೆ ಬಿಳಿ, ನಡುವೆ ಕೆಂಪು. ನಮ್ಮ ಫೋಟೋದಲ್ಲಿ ನಡುವಿನ ಬೊಟ್ಟು ಕಡುಕಪ್ಪು. ಹೊರಗಿನ ಉಂಗುರ ತಿಳಿ ಬೂದು. ಹಾಗೊಂದು ಬಣ್ಣ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ವಾರಗಟ್ಟಲೆ ತಲೆ ಕೆಡಿಸಿಕೊಂಡೆ.

ಕೊನೆಗೆ ಉತ್ತರ ಸಿಕ್ಕಿದ್ದು ಅದೇ ಟ್ರಂಕಿನ ಇನ್ನೊಂದು ಫೋಟೋದಲ್ಲಿ: ಆಯಿಯ ಹಣೆಯಲ್ಲಿ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಒಂದು ಬಗೆಯ ಫಿಲಂಗೆ ಕೆಂಪು ಬೆಳಕು ತಟ್ಟುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗಿ ಮೂಡುತ್ತಿತ್ತು, ನೀಲಿ ಬಿಳಿಚಿಕೊಳ್ಳುತ್ತಿತ್ತು. ಅದಕ್ಕೇ ನಮ್ಮ ಅಜ್ಜಿಯರ ಕುಂಕುಮ ಕಾಡಿಗೆಯ ಹಾಗೆ ಕಾಣುವುದು. ವಿಮಾನದ ಕಪ್ಪು ಬೊಟ್ಟು ಅಸಲಿಗೆ ಕೆಂಪು ಬೊಟ್ಟು!

ಕೆಂಪು ಎಂದಾದ ಮೇಲೆ ವರ್ಷವೂ ಸಿಕ್ಕಿತು. ಜಪಾನಿನ ವಿಮಾನಗಳ ಮೇಲೂ ಕೆಂಪು ಸೂರ್ಯನಿರುತ್ತಿದ್ದ. ಗೊಂದಲದಲ್ಲಿ ತಮ್ಮ ವಿಮಾನವನ್ನೇ ಹೊಡೆದಾರೆಂದು 1943ರಲ್ಲಿ ನಮ್ಮ ಕಡೆಯ ವಿಮಾನಗಳಿಂದ ಕೆಂಪನ್ನು ಅಳಿಸಿ ಬರೀ ನೀಲಿ ಛಾಯೆಗಳನ್ನು ಉಳಿಸಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಶೋಕ ಚಕ್ರವನ್ನೂ 1950ರಿಂದ ಈಗಿನ ಕೇಸರಿ, ಬಿಳಿ, ಹಸಿರನ್ನೂ ಹಾಕಿದರು. ಹಾಗಾದರೆ ನಡುವೆ ಕೆಂಪು ಬೊಟ್ಟಿದ್ದ ಈ ಫೋಟೋ 1943ಕ್ಕಿಂತ ಈಚಿನದಾಗುವುದು ಕಷ್ಟ. ಬಂದೂಕಿನ ವಿಮಾನಗಳು ಬರುವುದಕ್ಕೆ ಐದಾರು ವರ್ಷ ಮೊದಲಿನದು.

ಉಳಿದದ್ದು ಮುತ್ಯಾನ ಮಾತು. ವಾಲಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದ್ದು 1940ರ ಡಿಸೆಂಬರಿನಲ್ಲಿ. ಮುಂದಿನ ಆಗಸ್ಟಿನಲ್ಲಿ, ಎಂಟೇ ತಿಂಗಳಿಗೆ, ಅಲ್ಲಿಂದ ಮೊದಲ ವಿಮಾನ ಹಾರಿತು. ಅದು ಹಾರ್ಲೋ ಪಿ.ಸಿ. 5. ಬಿಡಿಭಾಗಗಳು ಅಮೆರಿಕದಿಂದ ಬಂದವು. ಜೋಡಿಸಿದ ಕೈಗಳು ಇಲ್ಲಿಯವು. ಅದರ ಮೂಲ ಇನ್ನೂ ಚೆಂದ. ಕ್ಯಾಲಿಫೋರ್ನಿಯದ ಪ್ಯಾಸಡೀನ ಜೂನಿಯರ್ ಕಾಲೇಜಿನ ಮ್ಯಾಕ್ಸ್ ಹಾರ್ಲೋ ಎಂಬ ಮೇಷ್ಟರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1937ರ ಸುಮಾರಿಗೆ ಒಂದು ವಿಮಾನ ಮಾಡಿದ್ದರು. ಅದನ್ನೇ ತಿದ್ದಿ ಇಬ್ಬರು ಹಿಂದೆ ಮುಂದೆ ಕೂರುವ ತರಬೇತಿ ವಿಮಾನವಾಗಿಸಿದ್ದು ಪಿ.ಸಿ. 5. ಅಮೆರಿಕದವರೇ ಮರೆತ ವಿಮಾನ. ಕೈಬೆರಳೆಣಿಕೆಯಷ್ಟು ಮಾತ್ರ ಹಾರಿದ್ದರಿಂದ ಅದರ ಚಿತ್ರ ಸಿಗುವುದೇ ಅಪರೂಪ.

ಆ ಅಪರೂಪದ ಚಿತ್ರ ಪುಸ್ತಕವೊಂದರಲ್ಲಿ ಸಿಕ್ಕಿದಾಗ ರಾತ್ರಿ ಹತ್ತಾಗಿತ್ತು. ಕೆಳಗಿನ ರೆಕ್ಕೆ, ಉದ್ದನೆಯ ಗಾಜು, ದುಂಡು ಮೂತಿ ಎಲ್ಲ ಸರಿಯಿತ್ತು. ಆದರೆ ಅಷ್ಟು ಹೋಲಿಕೆ ಆಗ ನಮ್ಮ ದೇಶದಲ್ಲಿ ಹಾರುತ್ತಿದ್ದ ಹಾರ್ವರ್ಡ್ ಎಂಬ ತರಬೇತಿ ವಿಮಾನಕ್ಕೂ ಇದೆ. ವ್ಯತ್ಯಾಸ ಮೂತಿಯ ಮುಚ್ಚಳದಲ್ಲಿ. ಹಾರ್ವರ್ಡ್‌ನದು ನುಣ್ಣಗೆ, ತೊಳೆದಿಟ್ಟ ಕೊಡದ ಹಾಗೆ. ಹಾರ್ಲೋದ ಎಂಜಿನ್ನಿಗೆ ಸುತ್ತಲೂ ಏಳು ಸಿಲಿಂಡರು. ಒಂದೊಂದರ ತಲೆಗೂ ಜಾಗ ಬಿಡಲು ಮುಚ್ಚಳವನ್ನು ಅಲ್ಲಲ್ಲಿ ಗುಬಟೆ ಎಬ್ಬಿಸಿದ್ದಾರೆ. ಭೂತಗನ್ನಡಿ ಹಿಡಿದು ಮುತ್ಯಾನ ಹೆಗಲ ಮೇಲೆ ನೋಡಿದೆ. ಒಂದು, ಎರಡು, ಮೂರು. ಉಳಿದವು ಅವನ ಗೆಳೆಯನ ತಲೆಯ ಹಿಂದೆ ಮರೆಯಾಗಿದ್ದವು. ಮೂರು ಗುಬಟೆಗಳು ಸಾಕಾದವು.

ಬೆಳಗಾದ ಮೇಲೆ ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿ, ಮೇಲೆ ಭೂತಗನ್ನಡಿ ಹಿಡಿದು ಅವಳೂ ಎಣಿಸಿದಳು. ಪುಸ್ತಕದ ಚಿತ್ರ ನೋಡಿದಳು, ಮತ್ತೆ ಫೋಟೋ ನೋಡಿದಳು. ನಾನು ಇತಿಹಾಸದ ಟೀಚರಲ್ಲವೇ, ಒಂದು ಎಚ್ಚರಿಕೆಯನ್ನೂ ಹೇಳಿದೆ: "ಯವ್ವಾ, ಫೋಟೋ ಒಂದು ದಿನದ ಸಾಕ್ಷಿ ಅಷ್ಟ. ಮುತ್ಯಾ ಮುಂದ ಜೀವನದಾಗ ಏನು ಮಾಡಿದ, ಏನು ಬಿಟ್ಟ ಅಂತ ಇದು ಹೇಳೂದಿಲ್ಲ." ಅವ್ವ ತಲೆ ಎತ್ತಿದಳು. "ಅವರು ಅಂದಿದ್ದು ಈ ಫೋಟೋ ನೋಡೇ ಹೌದಲ್ಲೋ? ಬ್ಯಾರೆ ಏನರ ನೋಡಿ ಅಂದಿದ್ರೇನು?" ನನ್ನ ಮೂವತ್ತು ವರ್ಷದ ಪಾಠವನ್ನು ಅವಳು ಒಂದು ಪ್ರಶ್ನೆಯಲ್ಲಿ ಮುಗಿಸಿದ್ದಳು. ಆರೋಪಕ್ಕಿದ್ದದ್ದು ಒಂದೇ ಕಾಲು. ಅದು ಮುರಿದ ಮೇಲೆ ನಿಲ್ಲಲು ಅದಕ್ಕೆ ಬೇರೆ ಕಾಲಿರಲಿಲ್ಲ.

ಆ ಮೇಲೆ ಅವ್ವ ಒಂದು ಆಸೆ ಹೇಳಿದಳು. ಮಸ್ಕಿಗೆ ಹೋಗಬೇಕು. ಆ ಮನೆಯವರನ್ನು ಹುಡುಕಿ ಜಗಳ ತೆಗೆಯುತ್ತಾಳೋ ಎಂದು ನನಗೆ ಅಳುಕು. ಹಾಗೇನೂ ಇರಲಿಲ್ಲ. ಆ ಹಿರಿಯರು ಎಂದೋ ತೀರಿಹೋಗಿದ್ದರು. "ಅವರ ಹೊಟ್ಟಿ ಸಂಕಟ ಅವರಿಗೆ. ತಮ್ಮನ ಕಳಕೊಂಡಾಂವ ಎಲ್ಲಾ ಕಡೀಗೂ ಬಂದೂಕೇ ಕಾಣ್ತಾನ" ಎಂದಳು. ಅರವತ್ತು ವರ್ಷ ಆ ಮಾತು ಹೊತ್ತವಳ ಬಾಯಲ್ಲಿ ಈ ಮಾತು ಕೇಳಿ ನನಗೆ ನಾಚಿಕೆಯಾಯಿತು. ಅವಳಿಗಿಂತ ಹೆಚ್ಚು ಸಿಟ್ಟು ನನ್ನಲ್ಲಿತ್ತು.

ಮಸ್ಕಿಯಲ್ಲಿ ಅವಳನ್ನು ಅಶೋಕನ ಶಾಸನದ ಬಂಡೆಯ ಹತ್ತಿರ ಕರೆದುಕೊಂಡು ಹೋದೆ. ಆ ಕತೆಯನ್ನು ಮಕ್ಕಳಿಗೆ ನಾನು ಎಷ್ಟೋ ಸಲ ಹೇಳಿದ್ದೇನೆ. ಊರೂರಿನ ಬಂಡೆಗಳ ಮೇಲೆ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಆಧಾರದಿಂದ 1837ರಲ್ಲೇ ವಿದ್ವಾಂಸರು ಹೇಳಿದ್ದರು. ಆದರೂ ಕಲ್ಲಿನ ಮೇಲೆ ಹೆಸರು ಕಂಡಿರಲಿಲ್ಲ. 1915ರಲ್ಲಿ ಬಂಗಾರ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಈ ಬಂಡೆಯನ್ನು ಕಂಡರು. ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರೂ ಇಲ್ಲಿತ್ತು. ಎರಡು ಸಾವಿರ ವರ್ಷ ಮಳೆ ಬಿಸಿಲು ತಿಂದ ಮೂರು ಅಕ್ಷರ ಸಾಕಾಯಿತು.

ಅವ್ವ ಬಂಡೆಯನ್ನು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, "ಅಂವಗೂ ಹೆಸರು ಸಿಗೂತನ ಇಷ್ಟು ದಿನ ಬೇಕಾತೇನು?" ಎಂದು ಕೇಳಿದಳು. ಹೌದು ಎಂದೆ.

ಈಗ ಫೋಟೋ ಸಿಂಧನೂರಿನ ನಮ್ಮ ಪಡಸಾಲೆಯಲ್ಲಿದೆ. ಪಕ್ಕದಲ್ಲಿ ಆಯಿಯ ಕಪ್ಪು ಕುಂಕುಮದ ಫೋಟೋ. ಬಂದವರು ಕೇಳಿದರೆ ಅವ್ವ ತಾನೇ ಎದ್ದು ಹೋಗಿ ಬೆರಳಿಟ್ಟು ತೋರಿಸುತ್ತಾಳೆ. 'ಹಾರ್ಲೋ' ಎಂಬ ಹೆಸರು ಅವಳ ನಾಲಿಗೆಗೆ ಹೊರಳುವುದಿಲ್ಲ. "ಇದು ಹಾರಲೇ ಇಮಾನ. ನಮ್ಮಪ್ಪ ಬೆಂಗಳೂರಾಗ ಮಾಡಿದ್ದು" ಎನ್ನುತ್ತಾಳೆ.

ನಾನು ತಿದ್ದಲು ಹೋಗಿಲ್ಲ.